ಪೆಂಗ್ವಿನ್ ಪಡಸಾಲೆ: ಮುಕ್ತ ತಂತ್ರಾಂಶ ಕುರಿತ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನದು 2014ರ ಲ್ಯಾಪ್‌ಟಾಪ್. ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. ಆನ್ ಮಾಡಿ ಕಾಫಿ ಕುಡಿದು ಬಂದರೂ ತೆರೆದಿರುವುದಿಲ್ಲ. ವಿಂಡೋಸ್ 11 ಇದಕ್ಕೆ ಆಗುವುದಿಲ್ಲವಂತೆ. ಗುಜರಿಗೆ ಕೊಡಲೋ, ಲಿನಕ್ಸ್ ಹಾಕಲೋ? (ದಾವಣಗೆರೆಯ ಓದುಗರು)

ಉತ್ತರ: ಗುಜರಿಗೆ ಕೊಡಬೇಡಿ. ಹಾಗೆಂದು ಇವತ್ತೇ ಲಿನಕ್ಸ್ (ವಿಂಡೋಸ್ ಬದಲಿಗೆ ಬಳಸಬಹುದಾದ ಮುಕ್ತ ಸಿಸ್ಟಂ) ಹಾಕಲು ಕೂರುವುದೂ ಬೇಡ. ನಿಮ್ಮ ಕಾಫಿ ಹೊತ್ತನ್ನು ತಿನ್ನುತ್ತಿರುವುದು ಒಳಗೆ ತಿರುಗುತ್ತಿರುವ ಆ ಹಾರ್ಡ್‌ಡಿಸ್ಕ್. ಅದನ್ನು ಹಾಗೇ ಬಿಟ್ಟು ಯಾವ ಸಿಸ್ಟಂ ಹಾಕಿದರೂ ಸಿಗುವ ಲಾಭ ಅಷ್ಟಕ್ಕಷ್ಟೆ. ಮೊದಲು 240 ಅಥವಾ 256 ಜಿಬಿಯ ಒಂದು ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ತನ್ನಿ. ಅಂಗಡಿಯಲ್ಲಿ ‘ಎರಡೂವರೆ ಇಂಚಿನ ಸಾಟಾ’ ಎಂದು ಬಿಡಿಸಿ ಕೇಳಿ. ‘ಲ್ಯಾಪ್‌ಟಾಪ್ ಎಸ್‌ಎಸ್‌ಡಿ’ ಎಂದಷ್ಟೇ ಕೇಳಿದರೆ ಚೂಯಿಂಗ್ ಗಮ್ ಪಟ್ಟಿಯಂತಿರುವ ಎಂ.2 ಕೈಗೆ ಬರಬಹುದು. ನಿಮ್ಮ ಯಂತ್ರದಲ್ಲಿ ಅದಕ್ಕೆ ಜಾಗ ಇರುವ ಸಾಧ್ಯತೆ ಕಡಿಮೆ.

ರ‍್ಯಾಮ್ ಖಾಲಿ ಸ್ಲಾಟ್ ಇದ್ದರೆ ಇನ್ನೊಂದು 4 ಜಿಬಿ ಸೇರಿಸಿ. ಇಲ್ಲಿ ಮೋಸಹೋಗುವವರು ಹೆಚ್ಚು. ನಾಲ್ಕನೇ ತಲೆಮಾರಿನ ಲ್ಯಾಪ್‌ಟಾಪಿಗೆ ಬೇಕಾದದ್ದು 1.35 ವೋಲ್ಟಿನ ಡಿಡಿಆರ್3ಎಲ್. ಅದೇ ಆಕಾರದ, ಅದೇ ಸ್ಲಾಟಿನಲ್ಲಿ ಕೂರುವ 1.5 ವೋಲ್ಟಿನ ಹಳೆಯ ಡಿಡಿಆರ್3 ತಂದು ಹಾಕಿದರೆ ಪರದೆ ಕಪ್ಪಾಗಿಯೇ ಉಳಿಯಬಹುದು. ಚೀಟಿಯ ಮೇಲೆ ಆ ‘ಎಲ್’ ಅಕ್ಷರ ಇದೆಯೇ ನೋಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಳಸಿದ ರ‍್ಯಾಮ್ ಕೊಳ್ಳುವುದಾದರೆ ಲ್ಯಾಪ್‌ಟಾಪನ್ನೇ ಒಯ್ದು, ಹಾಕಿಸಿ, ಆನ್ ಮಾಡಿ ನೋಡಿಯೇ ದುಡ್ಡು ಕೊಡಿ.

ಹಾರ್ಡ್‌ಡಿಸ್ಕ್ ಬಿಚ್ಚಿ ಪಕ್ಕಕ್ಕಿಟ್ಟರೆ ನಿಮ್ಮ ವಿಂಡೋಸ್, ಫೋಟೊ, ಕಡತ ಎಲ್ಲವೂ ಅದರಲ್ಲಿ ಹಾಗೇ ಇರುತ್ತವೆ. ಖಾಲಿ ಎಸ್‌ಎಸ್‌ಡಿ ಮೇಲೆ ಲಿನಕ್ಸ್ ಹಾಕುವಾಗ ಅಳಿಸಿಹೋಗುವ ಭಯ ಇಲ್ಲ. ಹಳೆಯ ಡಿಸ್ಕನ್ನು ಯುಎಸ್‌ಬಿ ಕೇಸಿನಲ್ಲಿ ಹಾಕಿಕೊಂಡರೆ ಬ್ಯಾಕಪ್‌ಗೂ ಆಯಿತು. ಹೊಸಬರಿಗೆ ಡ್ಯುಯಲ್ ಬೂಟ್‌ಗಿಂತ (ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಡುವುದು) ಇದೇ ಲೇಸು ಎನ್ನುವುದು ನಮ್ಮ ಗಟ್ಟಿ ಅಭಿಪ್ರಾಯ.

ಸಿಸ್ಟಂ ಆಯ್ಕೆಗೆ ತಲೆ ಕೆಡಿಸಿಕೊಳ್ಳಬೇಡಿ: ಲಿನಕ್ಸ್‌ನ ಹಲವು ರೂಪಗಳಲ್ಲಿ ಒಂದಾದ ಲಿನಕ್ಸ್ ಮಿಂಟ್ 22, ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. 2029ರ ಏಪ್ರಿಲ್‌ವರೆಗೆ ಅದಕ್ಕೆ ಸುರಕ್ಷತಾ ಅಪ್‌ಡೇಟ್ ಬರುತ್ತದೆ. ಸುಮಾರು 3 ಜಿಬಿಯ ಐಎಸ್‌ಒ ಕಡತ (ಇಡೀ ಸಿಸ್ಟಂ ಒಳಗಿರುವ ಒಂದೇ ಕಡತ) ಇಳಿಸಿಕೊಂಡು, 8 ಜಿಬಿಯ ಪೆನ್‌ಡ್ರೈವ್‌ಗೆ ರೂಫಸ್ ಅಥವಾ ಎಚರ್ ತಂತ್ರಾಂಶದಿಂದ ಬರೆಯಿರಿ. ಸುಮ್ಮನೆ ಕಾಪಿ-ಪೇಸ್ಟ್ ಮಾಡಿದರೆ ಬೂಟ್ ಆಗುವುದಿಲ್ಲ. ಪೆನ್‌ಡ್ರೈವ್‌ನಲ್ಲಿದ್ದುದೆಲ್ಲ ಹೋಗುತ್ತದೆ ಎನ್ನುವುದೂ ನೆನಪಿರಲಿ. ಇಳಿಸಿದ ಕಡತದ ಚೆಕ್‌ಸಮ್ (ಕಡತ ಸರಿಯಾಗಿ ಇಳಿದಿದೆಯೇ ಎಂದು ತಿಳಿಸುವ ಸಂಕೇತ) ತಾಳೆ ನೋಡುವುದನ್ನು ಬಹಳ ಮಂದಿ ಬಿಡುತ್ತಾರೆ. ನೆಟ್ ಕೈಕೊಟ್ಟು ಅರ್ಧಂಬರ್ಧ ಇಳಿದ ಕಡತದಿಂದಲೇ ಇನ್‌ಸ್ಟಾಲ್ ನಡುವೆ ನಿಂತುಹೋಗುವುದು.

ಆನ್ ಮಾಡುವಾಗ ಬೂಟ್ ಪಟ್ಟಿ (ಯಾವ ಡಿಸ್ಕಿನಿಂದ ಶುರುವಾಗಬೇಕೆಂದು ಕೇಳುವ ಪಟ್ಟಿ) ತೆರೆಯಲು ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಮೊದಲು ಎಫ್2 ಒತ್ತಿ ಬಯಾಸ್‌ಗೆ (ಯಂತ್ರದ ಮೂಲ ಸೆಟ್ಟಿಂಗ್‌ಗಳ ಜಾಗ) ಹೋಗಿ ‘ಎಫ್12 ಬೂಟ್ ಮೆನು’ವನ್ನು ಚಾಲೂ ಮಾಡಬೇಕಾಗಬಹುದು. ಪೆನ್‌ಡ್ರೈವ್‌ನಿಂದಲೇ ಮಿಂಟ್ ತೆರೆದುಕೊಂಡ ಮೇಲೆ ಇನ್‌ಸ್ಟಾಲ್ ಒತ್ತಲು ಅವಸರ ಬೇಡ. ಅರ್ಧ ಗಂಟೆ ಪರೀಕ್ಷಿಸಿ: ವೈಫೈ, ಸ್ಪೀಕರ್, ಮೈಕ್, ಕ್ಯಾಮೆರಾ, ಬೆಳಕು ಏರಿಳಿಸುವ ಕೀ, ಮುಚ್ಚಳ ಮುಚ್ಚಿ ತೆರೆದರೆ ಏಳುತ್ತದೆಯೇ. ಬ್ರಾಡ್‌ಕಾಮ್ ಚಿಪ್ಪಿನ ಹಳೆಯ ಯಂತ್ರಗಳಲ್ಲಿ ವೈಫೈ ತಕ್ಷಣ ಕಾಣಿಸದೆ ಇರಬಹುದು. ಆಗ ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿ ನೆಟ್ ಪಡೆದು, ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದದ್ದನ್ನು ಅದೇ ತೋರಿಸುತ್ತದೆ.

ಇನ್‌ಸ್ಟಾಲ್ ವೇಳೆ ಕೀಬೋರ್ಡ್ ಇಂಗ್ಲಿಷ್ ಎಂದೇ ಇರಲಿ. ಕನ್ನಡ ಕೀಬೋರ್ಡನ್ನೇ ಮೊದಲನೆಯದಾಗಿ ಮಾಡಿಕೊಂಡು, ಆಮೇಲೆ ಲಾಗಿನ್ ಪರದೆಯಲ್ಲಿ ಪಾಸ್‌ವರ್ಡ್ ಒತ್ತಲಾಗದೆ ಒದ್ದಾಡುವವರಿದ್ದಾರೆ. ಹಾಕಿದ ಮೇಲೆ ಟೈಮ್‌ಶಿಫ್ಟ್ ಚಾಲೂ ಮಾಡಿ. ಅಪ್‌ಡೇಟ್ ಕೆಟ್ಟರೆ ಸಿಸ್ಟಮನ್ನು ಹಿಂದಿನ ದಿನಕ್ಕೆ ಒಯ್ಯುತ್ತದೆ. ಆದರೆ ನಿಮ್ಮ ಫೋಟೊ, ದಾಖಲೆಗಳನ್ನು ಅದು ಉಳಿಸಿಕೊಡುವುದಿಲ್ಲ. ಅವುಗಳ ಪ್ರತಿ ಬೇರೆ ಡಿಸ್ಕಿನಲ್ಲಿ ಇರಲೇಬೇಕು.

ಎಷ್ಟು ಹೇಳಿದರೂ ಡ್ಯುಯಲ್ ಬೂಟೇ ಬೇಕು ಎನ್ನುವವರಿಗೆ ಎರಡು ಮಾತು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಇಲ್ಲದಿದ್ದರೆ ವಿಂಡೋಸ್ ಡ್ರೈವ್ ಲಿನಕ್ಸಿನಲ್ಲಿ ಓದಲು ಮಾತ್ರ ಸಿಗುತ್ತದೆ. ಇನ್ನು ಗಡಿಯಾರ ಐದೂವರೆ ಗಂಟೆ ಹಿಂದೆ ಮುಂದೆ ಆಗುವುದು ಬ್ಯಾಟರಿ ದೋಷವಲ್ಲ. ಬಯಾಸ್ ಗಡಿಯಾರದಲ್ಲಿ ಲಿನಕ್ಸ್ ಇಡುವುದು ಗ್ರೀನ್‌ವಿಚ್ ಲೆಕ್ಕದ ಸಮಯ, ವಿಂಡೋಸ್ ಇಡುವುದು ನಮ್ಮ ಸಮಯ. ‘ಟೈಮ್‌ಡೇಟ್‌ಸಿಟಿಎಲ್’ ಆಜ್ಞೆಯ ‘ಸೆಟ್-ಲೋಕಲ್-ಆರ್‌ಟಿಸಿ’ ಆಯ್ಕೆಗೆ 1 ಕೊಟ್ಟರೆ ಜಗಳ ಮುಗಿಯುತ್ತದೆ.

ಪ್ರಶ್ನೆ: ಹದಿನೈದು ವರ್ಷದ ನನ್ನ ಲೇಖನಗಳೆಲ್ಲ ನುಡಿ ಮತ್ತು ಬರಹ ಫಾಂಟಿನಲ್ಲಿವೆ. ಲಿನಕ್ಸಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಫಾಂಟ್ ಹಾಕಿಕೊಂಡರೆ ಸಾಕೇ? (ನಿವೃತ್ತ ಅಧ್ಯಾಪಕರು, ಧಾರವಾಡ)

ಉತ್ತರ: ಫಾಂಟ್ ಹಾಕಿದರೆ ಕಣ್ಣಿಗೆ ಕನ್ನಡ ಕಾಣುತ್ತದೆ, ರೋಗ ಹಾಗೇ ಉಳಿಯುತ್ತದೆ. ನಿಮ್ಮ ಕಡತದಲ್ಲಿ ‘ಕನ್ನಡ’ ಎಂಬ ಪದ ಇರುವುದೇ ಇಂಗ್ಲಿಷ್ ಪಿ, ನೆತ್ತಿಗೆ ಗೀಟಿನ ಎ, ಪೌಂಡ್ ನಾಣ್ಯದ ಚಿಹ್ನೆ ಹೀಗೆ. ಆ ಸಂಕೇತಗಳಿಗೆ ಕನ್ನಡದ ತುಂಡುಗಳ ವೇಷ ತೊಡಿಸುವುದಷ್ಟೇ ಹಳೆಯ ಫಾಂಟಿನ ಕೆಲಸ. ಹಾಗಾಗಿ ಹುಡುಕಲು ಬರುವುದಿಲ್ಲ, ಅಕಾರಾದಿ ಜೋಡಿಸಲು ಬರುವುದಿಲ್ಲ, ಮೊಬೈಲಿನಲ್ಲಿ ಓದಲೂ ಬರುವುದಿಲ್ಲ. ಯೂನಿಕೋಡ್‌ಗೆ (ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಜಾಗತಿಕ ಪದ್ಧತಿ) ಪರಿವರ್ತಿಸುವುದೊಂದೇ ದಾರಿ. ಲಿನಕ್ಸಿಗೆ ಬರದೆ ವಿಂಡೋಸ್‌ನಲ್ಲೇ ಉಳಿದರೂ ಈ ಕೆಲಸವನ್ನು ಮಾಡಿಯೇ ತೀರಬೇಕು.

ಗುಬ್ಬಿ, ನವಿಲು ಫಾಂಟ್‌ಗಳನ್ನು ಕೊಟ್ಟ ಅರವಿಂದ ವಿ.ಕೆ. ಅವರ ಮುಕ್ತ ಪರಿವರ್ತಕ ಬ್ರೌಸರ್‌ನಲ್ಲೇ ಕೆಲಸ ಮಾಡುತ್ತದೆ. ಒಂದು ಕಡೆ ಹಳೆಯ ಪಠ್ಯ ಅಂಟಿಸಿದರೆ ಇನ್ನೊಂದು ಕಡೆ ಯೂನಿಕೋಡ್ ಬರುತ್ತದೆ. ಕೆಡುವುದು ಎಲ್ಲಿ? ಪರಿವರ್ತಕಕ್ಕೆ ಫಾಂಟ್ ಕಾಣಿಸುವುದಿಲ್ಲ, ಸಂಕೇತ ಮಾತ್ರ ಕಾಣಿಸುತ್ತದೆ. ಲೇಖನದ ನಡುವೆ ಬೇರೆ ಫಾಂಟಿನಲ್ಲಿ ಬರೆದ ಇಂಗ್ಲಿಷ್ ಪದ, ಇಮೇಲ್ ವಿಳಾಸ ಇದ್ದರೆ ಅದನ್ನೂ ಕನ್ನಡ ಎಂದೇ ಬಗೆದು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಆದ್ದರಿಂದ ಮೂಲ ಕಡತದ ಪ್ರತಿಯಲ್ಲಿ ಅಂಥ ಪದಗಳ ಜಾಗಕ್ಕೆ ಮೊದಲೇ 9001, 9002 ಎಂಬಂತೆ ಅಂಕಿ ಹಾಕಿ, ಪರಿವರ್ತನೆ ಆದ ಮೇಲೆ ‘ಹುಡುಕಿ ಬದಲಿಸು’ ಬಳಸಿ ವಾಪಸು ತನ್ನಿ. ದಪ್ಪಕ್ಷರ, ಕೋಷ್ಟಕ, ಅಡಿಟಿಪ್ಪಣಿಯ ವಿನ್ಯಾಸ ಕಳೆದುಹೋಗುತ್ತದೆ; ಅದನ್ನು ಕೈಯಾರೆ ಮತ್ತೆ ಮಾಡಬೇಕು.

ನಂತರದ ತಿದ್ದುಪಡಿಯಲ್ಲಿ ಕಣ್ಣು ನೆಡಬೇಕಾದ ಜಾಗಗಳು: ಅರ್ಕಾವತ್ತು (ಹಳೆಯ ಕಡತದಲ್ಲಿ ಅದು ವ್ಯಂಜನದ ಹಿಂದೆ ಇರುತ್ತದೆ, ಯೂನಿಕೋಡ್‌ನಲ್ಲಿ ಮುಂಚೆ ಬರಬೇಕು), ದೀರ್ಘದ ಕೊಂಬು, ಎರಡು ಒತ್ತು ಬಂದ ‘ಸ್ತ್ರೀ’, ‘ರಾಷ್ಟ್ರ’ದಂಥ ಪದಗಳು, ಝ ಮತ್ತು ಋ. ಒಂದೇ ಸಲ ಇನ್ನೂರು ಪುಟ ಹಾಕಬೇಡಿ. ಒಂದು ಲೇಖನ ಮಾಡಿ, ತಪ್ಪುಗಳ ಪಟ್ಟಿ ಬರೆದಿಟ್ಟುಕೊಳ್ಳಿ. ಅದೇ ಹತ್ತು ಹದಿನೈದು ತಪ್ಪುಗಳು ಮರುಕಳಿಸುತ್ತವೆ, ಆಮೇಲಿನವನ್ನು ಒಟ್ಟಿಗೆ ಬದಲಿಸಬಹುದು. ಮೂಲ ಕಡತಗಳನ್ನು ಮಾತ್ರ ಅಳಿಸಬೇಡಿ.

ಇನ್ನು ಮುಂದಿನ ಬರವಣಿಗೆ. ನುಡಿಯ ಕೀಲಿಮಣೆಗೆ ಒಗ್ಗಿದ ಬೆರಳುಗಳಿಗೆ ಹೊಸ ಪಾಠ ಬೇಡ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ‘ಐಬಸ್’ ಮತ್ತು ‘ಐಬಸ್-ಎಂ17ಎನ್’ (ಕನ್ನಡ ಟೈಪ್ ಮಾಡಲು ನೆರವಾಗುವ ತಂತ್ರಾಂಶಗಳು) ಹಾಕಿ, ಇನ್‌ಪುಟ್ ಮೆಥಡ್ ಎಂಬಲ್ಲಿ ಐಬಸ್ ಆರಿಸಿ, ಒಮ್ಮೆ ಲಾಗೌಟ್ ಆಗಿ ಬನ್ನಿ. ಈ ಲಾಗೌಟ್ ಮಾಡದೆ ‘ಬರಲೇ ಇಲ್ಲ’ ಎನ್ನುವವರೇ ಹೆಚ್ಚು. ಬಳಿಕ ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ನುಡಿಯ ಕೀಲಿಮಣೆಯೇ ಆದ ‘ಕೆಜಿಪಿ’ ಸೇರಿಸಿ. ಕ್ಯೂ ಒತ್ತಿದರೆ ಟ, ಡಬ್ಲ್ಯೂ ಒತ್ತಿದರೆ ಡ, ಒತ್ತಕ್ಷರಕ್ಕೆ ಎಫ್: ಎಲ್ಲ ನಿಮಗೆ ಗೊತ್ತಿರುವುದೇ.

ಪ್ರಶ್ನೆ: ಲಿಬ್ರೆಆಫೀಸ್‌ನಲ್ಲಿ ಇಡೀ ಕಡತದ ಫಾಂಟ್ ಬದಲಿಸಿದರೂ ಕನ್ನಡದ ಫಾಂಟ್ ಬದಲಾಗುವುದಿಲ್ಲ. ‘ಸಾಫ್ಟ್‌ವೇರ್’ ಎಂದು ಬರೆದರೆ ಅಕ್ಷರ ಒಂದರ ಕಾಲಿಗೆ ಒಂದು ಸಿಕ್ಕಿಕೊಳ್ಳುತ್ತದೆ. (ಪದವಿ ವಿದ್ಯಾರ್ಥಿನಿ, ಮೈಸೂರು)

ಉತ್ತರ: ಲಿಬ್ರೆಆಫೀಸ್ (ಎಂಎಸ್ ಆಫೀಸ್‌ನಂಥ ಮುಕ್ತ ತಂತ್ರಾಂಶ) ಪ್ರತಿ ಪಠ್ಯಕ್ಕೂ ಲಿಪಿವಾರು ಬೇರೆ ಬೇರೆ ಫಾಂಟ್ ಇಟ್ಟುಕೊಂಡಿರುತ್ತದೆ: ಇಂಗ್ಲಿಷಿನಂಥ ಪಾಶ್ಚಾತ್ಯ ಲಿಪಿಗೊಂದು, ನಮ್ಮಂಥ ಸಂಯುಕ್ತಾಕ್ಷರದ ಲಿಪಿಗಳಿಗೊಂದು. ಎರಡನೆಯದನ್ನು ಅದು ಸಿಟಿಎಲ್ ಎನ್ನುತ್ತದೆ. ಟೂಲ್ಸ್, ಆಪ್ಶನ್ಸ್, ಲ್ಯಾಂಗ್ವೇಜಸ್ ಎಂದು ಹೋಗಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ಗೆ ಗುರುತು ಹಾಕಿ, ಭಾಷೆ ಕನ್ನಡ ಎಂದು ಆರಿಸಿ. ಬಳಿಕ ಎಫ್11 ಒತ್ತಿ, ಡೀಫಾಲ್ಟ್ ಪ್ಯಾರಾಗ್ರಾಫ್ ಸ್ಟೈಲ್ ತಿದ್ದಲು ತೆರೆದರೆ ಸಿಟಿಎಲ್ ಫಾಂಟಿನ ಜಾಗ ಬೇರೆಯೇ ಕಾಣುತ್ತದೆ. ಅಲ್ಲಿ ನೋಟೊ ಸೆರಿಫ್ ಕನ್ನಡ, ಲೋಹಿತ್, ನವಿಲು, ಯಾವುದು ಬೇಕೋ ಹಾಕಿ. ಅಳತೆಯೂ ಬೇರೆ ಇರುವುದು ಅನುಕೂಲವೇ: ಕನ್ನಡ 12, ಇಂಗ್ಲಿಷ್ 11 ಎಂದಿಟ್ಟರೆ ಸಾಲು ಕಣ್ಣಿಗೆ ಒಪ್ಪುತ್ತದೆ.

ಕಾಲಿಗೆ ಸಿಕ್ಕಿಕೊಳ್ಳುವುದಕ್ಕೆ ಮದ್ದು ಕಣ್ಣಿಗೆ ಕಾಣದ ಒಂದು ಅಕ್ಷರ. ಟ್ ಆದ ಮೇಲೆ ಅದನ್ನು ಹಾಕಿದರೆ ‘ಸಾಫ್ಟ್ವೇರ್’ ಹೋಗಿ ‘ಸಾಫ್ಟ್‌ವೇರ್’ ಆಗುತ್ತದೆ. ರೈಟರ್‌ನಲ್ಲಿ ಟ್ ಮುಂದೆ ಕರ್ಸರ್ ಇಟ್ಟು, ಇಂಗ್ಲಿಷ್ ಕೀಲಿಮಣೆಯಲ್ಲಿ 200ಸಿ ಎಂದು ಒತ್ತಿ, ಆಲ್ಟ್ ಹಿಡಿದು ಎಕ್ಸ್ ಒತ್ತಿ. ಇದರ ಅಣ್ಣ 200ಡಿ. ರ ಅಕ್ಷರ, ಆಮೇಲೆ 200ಡಿ, ಆಮೇಲೆ ಒತ್ತು, ಯ: ಈ ಸರದಿಯಲ್ಲಿ ಬರೆದರೆ ‘ರ್ಯಾಂಕ್’ ಬದಲು ‘ರ‍್ಯಾಂಕ್’ ಸಿಗುತ್ತದೆ. ಒಂದು ಎಚ್ಚರ: ಕಾಣದ ಈ ಅಕ್ಷರ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಹುಡುಕುವಾಗ ಅರ್ಧ ಪದಗಳು ತಪ್ಪಿಸಿಕೊಳ್ಳುತ್ತವೆ. ಪ್ರಬಂಧ ಒಪ್ಪಿಸುವ ಮೊದಲು ಒಂದೇ ರೀತಿ ಮಾಡಿಕೊಳ್ಳಿ. ಒಪ್ಪಿಸುವುದಂತೂ ಪಿಡಿಎಫ್‌ನಲ್ಲೇ, ಯಾಕೆಂದರೆ ನಿಮ್ಮ ಫಾಂಟ್ ಮೇಷ್ಟರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಪುಟವೇ ಜಾರುತ್ತದೆ.

ಪ್ರಶ್ನೆ: ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟು ಬಂದಾಗಲೆಲ್ಲ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿರುತ್ತವೆ. ಕಡತ ಹೋದವೇ? (ಹಾಸನದ ಓದುಗರು)

ಉತ್ತರ: ಹೋಗಿಲ್ಲ, ಬಚ್ಚಿಟ್ಟಿದೆ ಅಷ್ಟೆ. ಈ ವೈರಸ್ ಮೂಲ ಫೋಲ್ಡರ್‌ಗಳಿಗೆ ‘ಮರೆಮಾಡು’ ಎಂಬ ಗುರುತು ಹಾಕಿ, ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ಒತ್ತಿದರೆ ವೈರಸ್ಸೂ ಓಡುತ್ತದೆ, ಫೋಲ್ಡರೂ ತೆರೆಯುತ್ತದೆ. ವಿಂಡೋಸ್ ಹಾಕುವ ಆ ಗುರುತಿಗೆ ಲಿನಕ್ಸ್ ಸೊಪ್ಪು ಹಾಕುವುದಿಲ್ಲ. ಮಿಂಟ್ ಲೈವ್ ಪೆನ್‌ಡ್ರೈವ್‌ನಿಂದ (ಮೊದಲ ಉತ್ತರದಲ್ಲಿ ಹೇಳಿದಂತೆ ಮಿಂಟ್ ಬರೆದದ್ದು) ಬೂಟ್ ಮಾಡಿ ನಿಮ್ಮ ಪೆನ್‌ಡ್ರೈವ್ ಚುಚ್ಚಿದರೆ ಎಲ್ಲವೂ ಕಾಣುತ್ತವೆ. ಕೆಲವೊಮ್ಮೆ ಹೆಸರೇ ಇಲ್ಲದಂತೆ ತೋರುವ ಒಂದು ಫೋಲ್ಡರಿನೊಳಗೆ ತುಂಬಿರುತ್ತವೆ, ಅದನ್ನೂ ತೆರೆದು ನೋಡಿ. ಬೇಕಾದ ದಾಖಲೆಗಳನ್ನಷ್ಟೇ ನಕಲು ಮಾಡಿ, ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ. ಮುಂದಿನ ಸಲ ಅಂಗಡಿಗೆ ಒಯ್ಯಲು ಪಿಡಿಎಫ್ ಮಾತ್ರ ಇರುವ ಒಂದು ಹಳೆಯ 4 ಜಿಬಿ ಪೆನ್‌ಡ್ರೈವ್ ಪ್ರತ್ಯೇಕ ಇರಲಿ.

ಪ್ರಶ್ನೆ: ಡಿಟಿಪಿ ಅಂಗಡಿ ನಡೆಸುತ್ತೇನೆ. ಕ್ಯಾನನ್ ಎಲ್‌ಬಿಪಿ 2900 ಮತ್ತು ಎಚ್‌ಪಿ ಲೇಸರ್‌ಜೆಟ್ 1020 ಇವೆ. ಪೇಜ್‌ಮೇಕರ್ ಬಿಟ್ಟು ಲಿನಕ್ಸಿಗೆ ಬರಬಹುದೇ? (ಸಾಗರದ ಓದುಗರು)

ಉತ್ತರ: ಪೂರ್ತಿ ಬರಬೇಡಿ. 2900 ಪ್ರಿಂಟರ್ ಕ್ಯಾಪ್ಟ್ ಎಂಬ ಖಾಸಗಿ ಭಾಷೆಯಲ್ಲಿ ಮಾತಾಡುತ್ತದೆ. ಲಿನಕ್ಸ್ ಡ್ರೈವರ್ ಇದ್ದರೂ ಹಳೆಯದು, ಸಿಸ್ಟಂ ಅಪ್‌ಡೇಟ್ ಆದಾಗ ಮುನಿಸಿಕೊಳ್ಳುತ್ತದೆ. ಗಿರಾಕಿ ಎದುರಿಗೆ ನಿಂತಿರುವ ಅಂಗಡಿಗೆ ಅದು ಹೇಳಿಸಿದ್ದಲ್ಲ. 1020 ವಾಸಿ, ಆದರೆ ಅದಕ್ಕೆ ಸ್ವಂತ ನೆನಪಿಲ್ಲ: ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರ್ ಅದಕ್ಕೆ ಫರ್ಮ್‌ವೇರ್ (ಪ್ರಿಂಟರನ್ನು ನಡೆಸುವ ಒಳ ತಂತ್ರಾಂಶ) ಕಳಿಸಬೇಕು. ಎಚ್‌ಪಿ ಪ್ರಿಂಟರ್‌ಗಳ ಲಿನಕ್ಸ್ ತಂತ್ರಾಂಶವಾದ ಎಚ್‌ಪಿಲಿಪ್ ಜೊತೆಗೆ ಅದರ ಪ್ಲಗಿನ್ ಕೂಡ ಹಾಕಿ. ಎರಡರ ಆವೃತ್ತಿ ಸಂಖ್ಯೆಯೂ ಒಂದೇ ಇರಬೇಕು. ಅಪ್‌ಡೇಟ್ ಆದ ಮೇಲೆ ಪ್ರಿಂಟ್ ನಿಂತರೆ ಪ್ಲಗಿನ್ ಹಳೆಯದಾಗಿದೆ ಎಂದೇ ತಿಳಿದು ಮತ್ತೆ ಇಳಿಸಿಕೊಳ್ಳಿ. ಮುಂದೆ ಹೊಸದು ಕೊಳ್ಳುವಾಗ ಏರ್‌ಪ್ರಿಂಟ್ ಗುರುತು ಇರುವುದನ್ನು ಕೊಳ್ಳಿ, ಡ್ರೈವರ್ ಗೊಡವೆಯೇ ಇರುವುದಿಲ್ಲ.

ಪುಟವಿನ್ಯಾಸಕ್ಕೆ ಸ್ಕ್ರೈಬಸ್ ಇದೆ. 1.4ರ ಸಾಲಿನ ಆವೃತ್ತಿಗಳಲ್ಲಿ ಕನ್ನಡದ ಒತ್ತಕ್ಷರ ಒಡೆಯುತ್ತಿತ್ತು. 2024ರ ಆರಂಭದಲ್ಲಿ ಬಂದ 1.6ರಲ್ಲಿ ಸರಿಯಾಗಿ ಕೂರುತ್ತದೆ. ಮದುವೆ ಕಾರ್ಡು, ಕರಪತ್ರಗಳಿಗೆ ಈಗಲೇ ಶುರು ಮಾಡಿ. ಪುಸ್ತಕದ ಕೆಲಸ ಹಿಡಿಯುವ ಮೊದಲು ಎಂಟು ಪುಟದ ಒಂದು ಪುಸ್ತಿಕೆ ಮಾಡಿ, ಮುದ್ರಣಾಲಯಕ್ಕೆ ಪಿಡಿಎಫ್ ಕೊಟ್ಟು ನೋಡಿ.

ಪ್ರಶ್ನೆ: ಟ್ಯಾಲಿ, ಜಿಎಸ್‌ಟಿ ಕೆಲಸ ಲಿನಕ್ಸಿನಲ್ಲಿ? (ಹುಬ್ಬಳ್ಳಿಯ ವರ್ತಕರು)

ಉತ್ತರ: ಟ್ಯಾಲಿ ಇರುವ ಯಂತ್ರವನ್ನು ಮುಟ್ಟಬೇಡಿ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರಾದರಂತೂ ಇನ್ನೂ ಬೇಡ, ಮಾರ್ಚ್ ಕೊನೆಯ ವಾರದಲ್ಲಿ ಡ್ರೈವರ್ ಹುಡುಕುವ ಪಾಡು ಯಾರಿಗೂ ಬೇಡ. ಒಬ್ಬರೇ ಮಾಲೀಕರಾಗಿದ್ದು ಒಟಿಪಿಯಿಂದ ರಿಟರ್ನ್ ಸಲ್ಲಿಸುವವರಿಗೆ ಬ್ರೌಸರ್ ಸಾಕು, ಯಾವ ಸಿಸ್ಟಂ ಆದರೂ ನಡೆಯುತ್ತದೆ.

ಪ್ರಶ್ನೆ: ಮನೆಯಲ್ಲಿರುವ ಹಳೆಯ ಕನ್ನಡ ಪುಸ್ತಕಗಳನ್ನು ಟೈಪ್ ಮಾಡದೆ ಪಠ್ಯವಾಗಿಸುವುದು ಹೇಗೆ? (ಉಡುಪಿಯ ಓದುಗರು)

ಉತ್ತರ: ಟೆಸರಾಕ್ಟ್ ಎಂಬ ಅಕ್ಷರ ಗುರುತಿಸುವ ತಂತ್ರಾಂಶ, ಅದಕ್ಕೆ ಕನ್ನಡ ದತ್ತಾಂಶ, ಬಳಸಲು ಸುಲಭವಾದ ಮುಖವಾಗಿ ಜಿಇಮೇಜ್‌ರೀಡರ್. ಮೂರೂ ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಸಿಗುತ್ತವೆ. ಟೆಸರಾಕ್ಟ್ ಹುಟ್ಟಿದ್ದು ಎಚ್‌ಪಿಯಲ್ಲಿ, 2005ರಲ್ಲಿ ಮುಕ್ತವಾಯಿತು. ನಾಲ್ಕನೇ ಆವೃತ್ತಿಯಿಂದ ನ್ಯೂರಲ್ ಜಾಲ ಸೇರಿತು.

ಗುಣಮಟ್ಟ ಅರ್ಧಕ್ಕರ್ಧ ನಿರ್ಧಾರವಾಗುವುದು ಸ್ಕ್ಯಾನ್ ಮಾಡುವಾಗಲೇ. 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಎಂಬ ಲೆಕ್ಕ), ಸಣ್ಣ ಅಕ್ಷರವಾದರೆ 400, ಬೂದು ಬಣ್ಣದಲ್ಲಿ. 150ರಲ್ಲಿ ಸ್ಕ್ಯಾನ್ ಮಾಡಿದರೆ ಒತ್ತಕ್ಷರಗಳು ಅಂಟಿಕೊಂಡು ಚುಕ್ಕಿಯಂತಾಗುತ್ತವೆ. ಓರೆಯಾದ ಪುಟಗಳನ್ನು ಸ್ಕ್ಯಾನ್ ಟೈಲರ್‌ನಲ್ಲಿ ನೆಟ್ಟಗೆ ಮಾಡಿ. ಎರಡು ಕಾಲಂ ಇದ್ದರೆ ಒಂದೊಂದನ್ನೇ ಮೌಸಿನಿಂದ ಆಯ್ದು ಓದಿಸಿ, ಇಲ್ಲದಿದ್ದರೆ ಎಡದ ಸಾಲು ಬಲದ ಸಾಲಿಗೆ ಹೊಲಿದುಕೊಳ್ಳುತ್ತದೆ. ಇಂಗ್ಲಿಷ್ ಬೆರೆತಿದ್ದರೆ ಮಾತ್ರ ಎರಡೂ ಭಾಷೆ ಆರಿಸಿ. ಸುಮ್ಮನೆ ಆರಿಸಿದರೆ ಕನ್ನಡ ಅಕ್ಷರಕ್ಕೂ ಇಂಗ್ಲಿಷ್ ಊಹೆ ಮಾಡುತ್ತದೆ. ಅಚ್ಚುಮೊಳೆಯ ಕಾಲದ ಪುಸ್ತಕಗಳಲ್ಲಿ ಮಸಿ ಹರಡಿರುವುದರಿಂದ ತಪ್ಪು ಜಾಸ್ತಿ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಕೂತಿರುವುದನ್ನು ಕಣ್ಣು ಹಿಡಿಯುವುದಿಲ್ಲ, ಹುಡುಕಿ ಬದಲಿಸಿಯೇ ತೆಗೆಯಬೇಕು.

ಹಂಚುವ ಯೋಚನೆ ಇದ್ದರೆ ಹಕ್ಕುಸ್ವಾಮ್ಯ ನೋಡಿ. ನಮ್ಮಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಎಣಿಸಬೇಕು. ಅವಧಿ ಮುಗಿದ ಪುಸ್ತಕಗಳಿಗೆ ಕನ್ನಡ ವಿಕಿಸೋರ್ಸ್ ಒಳ್ಳೆಯ ಮನೆ.

ಪ್ರಶ್ನೆ: ಮುಕ್ತ ತಂತ್ರಾಂಶದ ಮೂಲ ಕೋಡ್ (ಪ್ರೋಗ್ರಾಂ ಬರೆದ ಸಾಲುಗಳು) ಎಲ್ಲರಿಗೂ ಕಾಣುವುದಾದರೆ ಕಳ್ಳನಿಗೂ ಕಾಣುತ್ತದಲ್ಲ? (ಎಂಜಿನಿಯರಿಂಗ್ ವಿದ್ಯಾರ್ಥಿ, ಕಲಬುರಗಿ)

ಉತ್ತರ: ಕಾಣುತ್ತದೆ. ‘ಎಲ್ಲರೂ ನೋಡಬಹುದು’ ಎಂದ ಮಾತ್ರಕ್ಕೆ ಯಾರೋ ನೋಡುತ್ತಿದ್ದಾರೆ ಎಂದು ನಂಬಿ ಕೂರುವುದು ನಮ್ಮ ಪಾಳಯದ ದೊಡ್ಡ ದೌರ್ಬಲ್ಯ. 2024ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಝೆಡ್ ಪ್ರಕರಣ ನೋಡಿ. ಕಡತ ಕುಗ್ಗಿಸುವ ಒಂದು ಪುಟ್ಟ ತಂತ್ರಾಂಶ, ನೋಡಿಕೊಳ್ಳುತ್ತಿದ್ದುದು ಹೆಚ್ಚುಕಡಿಮೆ ಒಬ್ಬರೇ. ಜಿಯಾ ಟ್ಯಾನ್ ಎಂಬ ಹೆಸರಿಟ್ಟುಕೊಂಡ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿಕೊಟ್ಟು, ನಂಬಿಕೆ ಗಳಿಸಿ, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇಟ್ಟರು. ಅದನ್ನು ಎಬ್ಬಿಸುವ ತುಣುಕು ಎಲ್ಲರೂ ನೋಡುವ ಭಂಡಾರದಲ್ಲಿರಲಿಲ್ಲ, ಬಿಡುಗಡೆಯ ಕಟ್ಟಿನೊಳಗಿತ್ತು. ರಿಮೋಟ್ ಲಾಗಿನ್ ಅರ್ಧ ಸೆಕೆಂಡ್ ನಿಧಾನವಾದದ್ದನ್ನು ಕಂಡು ಬೆನ್ನು ಹತ್ತಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ಮೂಲ ತೆರೆದಿದ್ದರಿಂದಲೇ ಅವರು ಜಾಡು ಹಿಡಿದು ತುದಿ ಮುಟ್ಟಲು ಆಯಿತು ಎನ್ನುವುದೂ ನಿಜ.

ನಿಮ್ಮ ಮಟ್ಟಿಗೆ ಇದರ ಅರ್ಥ ಇಷ್ಟು. ಆ ಆವೃತ್ತಿಗಳು ಪರೀಕ್ಷಾ ಹಂತದ ಡೆಬಿಯನ್, ಫೆಡೊರಾ ಎಂಬ ಲಿನಕ್ಸ್ ರೂಪಗಳನ್ನು ತಲುಪಿದ್ದವು, ಸ್ಥಿರ ಆವೃತ್ತಿಗಳನ್ನು ತಲುಪಿರಲಿಲ್ಲ. ಹೊಸತರ ಹುಚ್ಚಿಗೆ ದಿನದ ಯಂತ್ರವನ್ನು ಒಡ್ಡಬೇಡಿ. ಯಾವುದೋ ವಿಡಿಯೊದಲ್ಲಿ ಹೇಳಿದ ಆಜ್ಞೆಯನ್ನು ‘ಸುಡೊ’ (ಆಜ್ಞೆಗೆ ಪೂರ್ಣ ಅಧಿಕಾರ ಕೊಡುವ ಪದ) ಹಚ್ಚಿ ಟರ್ಮಿನಲ್‌ಗೆ ಅಂಟಿಸುವ ಮುನ್ನ ಒಂದೊಂದು ಪದ ಏನು ಮಾಡುತ್ತದೆಂದು ಓದಿಕೊಳ್ಳಿ.

ಪ್ರಶ್ನೆ: ಪ್ರೋಗ್ರಾಮಿಂಗ್ ಬರುವುದಿಲ್ಲ. ಆದರೂ ಏನಾದರೂ ಮಾಡಬೇಕೆನಿಸುತ್ತದೆ. (ಮಸ್ಕತ್‌ನಲ್ಲಿರುವ ಓದುಗರು)

ಉತ್ತರ: ಎಲ್ಲರೂ ಸೇರಿ ಕಟ್ಟುವ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್ ತೆರೆದು ನಿಮ್ಮೂರನ್ನು ಹುಡುಕಿ. ಕೆರೆ, ಶಾಲೆ, ಬಸ್ ನಿಲ್ದಾಣಗಳ ಹೆಸರು ಎಷ್ಟೋ ಕಡೆ ಇಂಗ್ಲಿಷಿನಲ್ಲಿ ಮಾತ್ರ ಇದೆ. ಖಾತೆ ತೆರೆದು, ಎಡಿಟ್ ಒತ್ತಿ, ‘ನೇಮ್:ಕೆಎನ್’ ಎಂಬ ಟ್ಯಾಗ್ ಸೇರಿಸಿ ಕನ್ನಡದ ಹೆಸರು ಬರೆಯಿರಿ. ಈಗಿರುವ ಹೆಸರನ್ನು ಅಳಿಸಬೇಡಿ. ಕಾಗುಣಿತಕ್ಕೆ ಊರಿನ ಬೋರ್ಡೇ ಪ್ರಮಾಣ. ಗೂಗಲ್ ನಕ್ಷೆ ನೋಡಿ ನಕಲು ಮಾಡುವಂತಿಲ್ಲ, ಪರವಾನಗಿ ಒಪ್ಪುವುದಿಲ್ಲ. ರಜೆಯಲ್ಲಿ ಊರಿಗೆ ಬಂದಾಗ ಬೋರ್ಡುಗಳ ಫೋಟೊ ತೆಗೆದಿಟ್ಟುಕೊಂಡರೆ ಮಸ್ಕತ್‌ನಲ್ಲಿ ಕೂತು ಒಂದು ವರ್ಷ ಮಾಡುವಷ್ಟು ಕೆಲಸ ಆಗುತ್ತದೆ.

ಇನ್ನೊಂದು, ದೋಷ ವರದಿ. ಯಾವುದೋ ತಂತ್ರಾಂಶದಲ್ಲಿ ಕನ್ನಡ ಒಡೆದು ಕಂಡರೆ ಬೈದು ಸುಮ್ಮನಾಗದೆ ಬರೆದು ಕಳಿಸಿ. ಚಿತ್ರ ಮಾತ್ರ ಕಳಿಸಿದರೆ ಕನ್ನಡ ಬಾರದ ಡೆವಲಪರ್‌ಗೆ ಏನೂ ತಿಳಿಯುವುದಿಲ್ಲ. ಒಡೆದ ಪದವನ್ನು ಪಠ್ಯವಾಗಿಯೇ ಅಂಟಿಸಿ, ಫಾಂಟಿನ ಹೆಸರು ಮತ್ತು ಆವೃತ್ತಿ, ತಂತ್ರಾಂಶದ ಆವೃತ್ತಿ ಬರೆದು, ಅದೇ ಪದ ಫೈರ್‌ಫಾಕ್ಸ್‌ನಲ್ಲಿ ಸರಿಯಾಗಿ ಕಾಣುವ ಚಿತ್ರವನ್ನು ಪಕ್ಕಕ್ಕಿಡಿ. ಫೈರ್‌ಫಾಕ್ಸ್‌ನಲ್ಲೂ ಒಡೆದಿದ್ದರೆ ಬಹುಪಾಲು ತಪ್ಪು ಫಾಂಟಿನದು, ವರದಿ ಫಾಂಟ್ ಮಾಡಿದವರಿಗೆ ಹೋಗಬೇಕು.